ಹದಿನಾಲ್ಕು ಮಾತ್ರೆ, ಒಂದು ರೇಷ್ಮೆ ಎಳೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಇಷ್ಟು ವರ್ಷ ವಿಟಮಿನ್ ಮಾತ್ರೆ ನುಂಗಿದ್ದು ಯಾವ ಕಾಯಿಲೆಗೂ ಅಲ್ಲ, ಅವು ದಂಡವಾಗಬಾರದಲ್ಲ ಎಂದು. ಚಳ್ಳಕೆರೆಯಲ್ಲಿ ನನ್ನದೊಂದು ಮೆಡಿಕಲ್ ಶಾಪು ಇದೆ. ಪಕ್ಕದಲ್ಲೇ ಎಣ್ಣೆ ಗಾಣ, ಹಾಗಾಗಿ ನನ್ನ ಅಂಗಡಿಯ ಔಷಧಿಗೆಲ್ಲ ಸ್ವಲ್ಪ ಶೇಂಗಾ ವಾಸನೆ. ಅವಧಿ ಮುಗಿಯಲು ತಿಂಗಳೊಪ್ಪತ್ತು ಬಾಕಿಯಿರುವ ಮಾತ್ರೆಯನ್ನು ಗಿರಾಕಿಗೆ ಕೊಡಲು ಮನಸ್ಸು ಬಾರದು. ತುಂಬಿದ ಡಬ್ಬಿಯಾದರೆ ಕಂಪನಿಯವರು ವಾಪಸು ಒಯ್ಯುತ್ತಾರೆ. ಒಡೆದ ಡಬ್ಬಿಯಲ್ಲಿ ಉಳಿದ ನಾಲ್ಕು ಮಾತ್ರೆಗೆ ದಿಕ್ಕು ಯಾರು? ನಮ್ಮ ಮನೆಯ ಹೆಂಗಸರು ನಿನ್ನೆಯ ಸಾರನ್ನು ಚೆಲ್ಲಲಾರದೆ ತಾವೇ ಉಂಡು ಮುಗಿಸುವಂತೆ ನಾನು ಅವನ್ನು ನುಂಗಿ ಮುಗಿಸುತ್ತಿದ್ದೆ.

ಹೀಗೆ ನನ್ನ ಹೊಟ್ಟೆ ಸೇರಿದ್ದರಲ್ಲಿ ಹೆಚ್ಚಿನವು ಗಂಡಸರಿಗೆಂದೇ ಮಾಡಿದ ಮಾತ್ರೆಗಳು. ನೀವು ಆ ಡಬ್ಬಿಗಳನ್ನು ನೋಡಿರಬೇಕು. ಒಂದರ ಮೇಲೆ ಓಡುವ ಕುದುರೆ, ಇನ್ನೊಂದರ ಮೇಲೆ ಉದಯಿಸುವ ಸೂರ್ಯ, ಮತ್ತೊಂದರ ಮೇಲೆ ಅಂಗಿ ಹಾಕಿಕೊಳ್ಳಲು ಮರೆತು ಕೈಕಟ್ಟಿ ನಿಂತ ಯುವಕ. ಹೆಂಗಸರು ಅಂಗಡಿಗೆ ಬಂದರೆ ಮೊಣಕಾಲು ನೋವು, ಸೊಂಟ ನೋವು ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಾರೆ. ನಲವತ್ತೈದು ದಾಟಿದ ಗಂಡಸು ಹಾಗಲ್ಲ. ಬೇರೆ ಗಿರಾಕಿಗಳು ಹೋಗುವವರೆಗೂ ಸೋಪಿನ ಬೆಲೆ ವಿಚಾರಿಸುತ್ತಾ ನಿಂತಿದ್ದು, ಕೊನೆಗೆ ಕೌಂಟರಿನ ಮೇಲೆ ಬಾಗಿ, ಶಕ್ತಿಗೆ ಏನಾದರೂ ಇದ್ದರೆ ಕೊಡಿ ಎನ್ನುತ್ತಾನೆ. ಯಾವ ಶಕ್ತಿ, ಎಲ್ಲಿ ಕಳೆದುಹೋಯಿತು ಎಂದು ಅವನೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಕುದುರೆಯ ಡಬ್ಬಿ ಕೈಗಿಟ್ಟು ಕಳಿಸುತ್ತೇನೆ.

ನನಗೀಗ ಐವತ್ತೆರಡು. ಮೂರು ವರ್ಷದ ಹಿಂದೆ ನನ್ನ ಕಾಲುಗಳಲ್ಲಿ ಜೋಮು ಶುರುವಾಯಿತು. ಬೆಳಿಗ್ಗೆ ಚಕ್ಕಳಮಕ್ಕಳ ಹಾಕಿ ಲಿಂಗಪೂಜೆಗೆ ಕೂತು ಎದ್ದರೆ ಪಾದಗಳು ಬೇರೆ ಯಾರದೋ ಎನ್ನಿಸುತ್ತಿತ್ತು. ಪೂಜೆಗೆ ಕೂತರೆ ಜೋಮು ಹಿಡಿಯದೆ ಇನ್ನೇನು ಎಂದು ಸುಮ್ಮನಾದೆ. ಆಮೇಲೆ ನಿಂತರೂ ಜೋಮು ಹಿಡಿಯತೊಡಗಿತು. ಒಂದು ದಿನ ಬಸ್ ಸ್ಟ್ಯಾಂಡಿನ ಹತ್ತಿರ ಆಟೋದವನೊಬ್ಬ ಹಿಂದಿನಿಂದ ಓಡಿಬಂದು ನನ್ನ ಎಡಗಾಲಿನ ಚಪ್ಪಲಿಯನ್ನು ನನ್ನ ಕೈಗೆ ಕೊಟ್ಟ. ಅದು ಯಾವಾಗ ಜಾರಿತೋ ನನಗೆ ಗೊತ್ತೇ ಇರಲಿಲ್ಲ. ಚಪ್ಪಲಿ ಹಳತಾಗಿದೆ ಎಂದು ಹೊಸದು ಕೊಂಡೆ. ಅದೂ ಜಾರಿತು.

ಇಲ್ಲಿ ನಮ್ಮ ಬಚ್ಚಲುಮನೆಯ ಗೋಡೆಯ ವಿಷಯ ಹೇಳಬೇಕು. ಬಾಗಿಲಿನಿಂದ ಒಂದು ಮಾರು ದೂರದಲ್ಲಿ, ಸೊಂಟಕ್ಕಿಂತ ಸ್ವಲ್ಪ ಮೇಲೆ, ಆ ಗೋಡೆ ಅಂಗೈಯಗಲ ನುಣುಪಾಗಿದೆ. ಅದು ನಮ್ಮಪ್ಪ ಮಾಡಿದ್ದು. ಅಪ್ಪ ಶೇಂಗಾ ವ್ಯಾಪಾರಿ, ಮಂಡಿಯಲ್ಲಿ ಚೀಲದಿಂದ ಚೀಲಕ್ಕೆ ಜಿಗಿದು ಓಡಾಡುತ್ತಿದ್ದ ಮನುಷ್ಯ. ಐವತ್ತು ದಾಟುತ್ತಿದ್ದಂತೆ ಅಂಗಾಲು ಉರಿ ಎಂದು ಒದ್ದೆ ಬಟ್ಟೆ ಸುತ್ತಿಕೊಂಡು ಮಲಗತೊಡಗಿದರು. ಆಮೇಲೆ ನೆಲ ಸಿಗುತ್ತಿಲ್ಲ ಎನ್ನತೊಡಗಿದರು. ಕೊನೆಗೆ ಗೋಡೆ ಹಿಡಿದರು. ಬಂದವರೆಲ್ಲ ವಯಸ್ಸಾಯಿತಲ್ಲ ಎಂದು ಹೇಳಿ ಕಾಫಿ ಕುಡಿದು ಹೋದರು. ನಾವೂ ಹಾಗೇ ಅಂದುಕೊಂಡೆವು. ಕಳೆದ ವರ್ಷ ಒಂದು ಬೆಳಿಗ್ಗೆ ಕಣ್ಣಿಗೆ ಸೋಪು ಹಾಕಿಕೊಂಡು ನಿಂತಿದ್ದವನು ತೂಗಾಡಿ ಗೋಡೆಗೆ ಕೈಕೊಟ್ಟೆ. ಕೈ ಸರಿಯಾಗಿ ಆ ನುಣುಪಿನ ಮೇಲೆಯೇ ಹೋಗಿ ಕೂತಿತ್ತು.

ಅವತ್ತಿನಿಂದ ನನಗೆ ಅಂಗಡಿಯ ಚಿಂತೆ ಹತ್ತಿತು. ಮೆಡಿಕಲ್ ಶಾಪಿನವನು ದಿನವಿಡೀ ನಿಲ್ಲಬೇಕು, ಸ್ಟೂಲು ಹತ್ತಬೇಕು, ಮೇಲಿನ ಅರೆಯಿಂದ ಸರಿಯಾದ ಡಬ್ಬಿಯನ್ನೇ ತೆಗೆಯಬೇಕು. ಈಚೆಗೆ ಸ್ಟೂಲು ಹತ್ತಿದ ಮೇಲೆ ಯಾಕೆ ಹತ್ತಿದೆ ಎಂಬುದೂ ಮರೆಯುತ್ತಿತ್ತು. ಗೌರಸಮುದ್ರದ ಕಡೆಯ ಅಜ್ಜಿಯೊಬ್ಬಳು ನಾನು ಕೊಟ್ಟ ಬಿ.ಪಿ. ಮಾತ್ರೆಯನ್ನು ತಿರುಗಿಸಿ ನೋಡಿ, ಇದು ನಂದಲ್ಲಪ್ಪ, ನಂದು ಸಣ್ಣದು ಎಂದು ವಾಪಸು ಕೊಟ್ಟಳು. ಓದು ಬಾರದ ಆಕೆ ಸರಿ, ಓದಿದ ನಾನು ತಪ್ಪು. ಹೀಗೇ ಆದರೆ ಅಪ್ಪ ಮಂಡಿ ಬಿಟ್ಟಂತೆ ನಾನೂ ಅಂಗಡಿ ಬಿಡಬೇಕಾಗುತ್ತದೆ ಎಂದು ಹೆದರಿದೆ. ಹೆಂಡತಿ ಗಿರಿಜೆಗೆ ಹೇಳಲಿಲ್ಲ. ಹೆದರಿದ ಗಂಡಸು ಏನು ಮಾಡುತ್ತಾನೋ ಅದನ್ನೇ ಮಾಡಿದೆ: ಶಕ್ತಿಗೆ ಇನ್ನೂ ನಾಲ್ಕು ಬಗೆ ಸೇರಿಸಿದೆ. ಒಟ್ಟು ಹದಿನಾಲ್ಕಾಯಿತು.

ವಿಟಮಿನ್ನುಗಳ ವಂಶಾವಳಿ ನೋಡಿದರೆ ನನಗೆ ಯಾವಾಗಲೂ ಮೋಜೆನಿಸುತ್ತದೆ. ಎ, ಬಿ, ಸಿ, ಡಿ, ಇ ಎಂದು ಒಂದರ ಹಿಂದೊಂದು ಶಾಲೆಯ ಮಕ್ಕಳಂತೆ ಸಾಲಾಗಿ ಬಂದು, ಅಲ್ಲಿಂದ ಒಂದೇ ನೆಗೆತಕ್ಕೆ ಕೆ. ನಡುವಿನವರು ಏನಾದರೋ! ಬಿ ಅಂತೂ ದೊಡ್ಡ ಅವಿಭಕ್ತ ಕುಟುಂಬ. ಒಂದು, ಎರಡು, ಮೂರು ಇದ್ದಾರೆ, ನಾಲ್ಕು ಇಲ್ಲ. ಐದು, ಆರು, ಏಳು ಇದ್ದಾರೆ, ಎಂಟು ಇಲ್ಲ. ಒಂಬತ್ತು ಇದೆ, ಹತ್ತು ಹನ್ನೊಂದು ಹಿಸ್ಸೆ ತೆಗೆದುಕೊಂಡು ಹೊರಗೆ ಹೋದಂತಿದೆ. ವಿಜ್ಞಾನಿಗಳು ಪರೀಕ್ಷಿಸಿ, ನೀವು ಈ ಮನೆಯವರಲ್ಲ ಎಂದು ಅವರನ್ನು ಪಟ್ಟಿಯಿಂದ ತೆಗೆದರಂತೆ. ಮನೆಯ ಕಟ್ಟಕಡೆಗೆ ಉಳಿದುಕೊಂಡವನು ಹನ್ನೆರಡು. ಕೆಂಪು ಬಣ್ಣ, ಬಹಳ ಸಣ್ಣ ಪ್ರಮಾಣ, ಅವನಿಲ್ಲದಿದ್ದರೆ ಮನೆ ನಡೆಯದು. ಇನ್ನು ಡಿ ಎಂದರೆ ಬಿಸಿಲು. ಏಪ್ರಿಲ್ ತಿಂಗಳಲ್ಲಿ ಕಾಗೆಯೂ ನೆರಳು ಹುಡುಕುವ ಚಳ್ಳಕೆರೆಯಲ್ಲಿ ಕೂತು ನಾನು ಬಿಸಿಲನ್ನು ಪೊಟ್ಟಣ ಕಟ್ಟಿ ಮಾರುತ್ತೇನೆ, ಜನ ಕೊಡೆ ಹಿಡಿದುಕೊಂಡು ಬಂದು ಅದನ್ನು ಒಯ್ಯುತ್ತಾರೆ. ಇಷ್ಟೆಲ್ಲ ಗೊತ್ತಿದ್ದವನಿಗೆ ತನ್ನ ಕಾಲ ಸುದ್ದಿ ಮಾತ್ರ ಗೊತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಕಳೆದ ಶ್ರಾವಣದಲ್ಲಿ ಗಿರಿಜೆಗೆ ಒಂದು ಸೀರೆ ನೇಯಿಸಬೇಕೆಂದು ಇಬ್ಬರೂ ಮೊಳಕಾಲ್ಮೂರಿಗೆ ಹೋದೆವು. ಅಲ್ಲಿ ನನ್ನ ಗೆಳೆಯ ತಿಪ್ಪೇಸ್ವಾಮಿ ಇದ್ದಾನೆ. ಪಿಯುಸಿಯಲ್ಲಿ ಚಳ್ಳಕೆರೆಯ ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚು. ನಾನು ಔಷಧಿ ಓದಲು ಹೋದೆ, ಅವನು ಮನೆಯ ಮಗ್ಗಕ್ಕೆ ಇಳಿದ. ಇಳಿದ ಎನ್ನುವುದು ಅಕ್ಷರಶಃ ನಿಜ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲಿಟ್ಟು, ನೆಲದ ಮಟ್ಟದಲ್ಲಿ ಕೂತು ನೇಯುವ ಮಗ್ಗ ಅದು. ಕೈ ಲಾಳಿ ಎಸೆಯುತ್ತಿದ್ದರೆ, ಗುಂಡಿಯೊಳಗಿನ ಕತ್ತಲಲ್ಲಿ ಬರಿಗಾಲು ಮರದ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಿರುತ್ತದೆ. ಕಣ್ಣು ಆ ಕಡೆ ನೋಡುವಂತಿಲ್ಲ. ಪಾದವೇ ನೋಡಿಕೊಳ್ಳಬೇಕು.

ನೇಕಾರರ ಮನೆಯಲ್ಲಿ ಮಗ್ಗದ ಕೋಣೆಗೆ ಚಪ್ಪಲಿ ಮೆಟ್ಟಿ ಯಾರೂ ಹೋಗುವುದಿಲ್ಲ. ದೇವರ ಮನೆಗೆ ಎಷ್ಟೋ ಅದಕ್ಕೂ ಅಷ್ಟೇ ಮರ್ಯಾದೆ. ಮೂವತ್ತು ವರ್ಷದಿಂದ ಆ ಮನೆಗೆ ಹೋಗಿಬರುವ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊಸ್ತಿಲ ಹೊರಗೆ ಎರಡೂ ಚಪ್ಪಲಿ ಬಿಟ್ಟೆ, ಹಾಗೆಂದು ಲಿಂಗ ಮುಟ್ಟಿ ಪ್ರಮಾಣ ಮಾಡುತ್ತಿದ್ದೆ. ಒಳಗೆ ಹೋಗಿ, ಮಗ್ಗದ ಮೇಲಿದ್ದ ನೀಲಿ ಸೀರೆಯನ್ನು ಹೊಗಳಲು ಬಾಯಿ ತೆರೆದೆ. ಲಾಳಿಯ ಸದ್ದು ನಿಂತಿತು. ಗಿರಿಜೆ ನನ್ನ ಕಾಲನ್ನೇ ನೋಡುತ್ತಿದ್ದಳು. ಬಲಗಾಲು ಬರಿದಾಗಿತ್ತು, ಎಡಗಾಲಲ್ಲಿ ಚಪ್ಪಲಿ ಹಾಗೇ ಇತ್ತು.

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಗಿರಿಜೆ ಬೈಯಲು ಶುರುಮಾಡಿದಳು. ಅವಳನ್ನು ತಡೆದವರು ತಿಪ್ಪೇಸ್ವಾಮಿಯ ತಾಯಿ ಲಕ್ಷ್ಮವ್ವ. ಎಂಬತ್ತರ ಹತ್ತಿರದ ಮುದುಕಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಆದರೂ ಗೋಡೆಗೆ ಒರಗಿ ರಾಟೆಯಲ್ಲಿ ನೂಲು ಸುತ್ತುತ್ತಾ ಕೂತಿರುತ್ತಾರೆ. ಆ ಮನೆಯಲ್ಲಿ ತೆಲುಗು, ಕನ್ನಡ ಎರಡೂ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ.

“ಬೈಬ್ಯಾಡ ಗಿರಿಜಮ್ಮ,” ಎಂದರು ಲಕ್ಷ್ಮವ್ವ. “ಅವನು ಮರ್ತು ಬಂದಿಲ್ಲ. ಆ ಕಾಲಿಗೆ ಗೊತ್ತೇ ಆಗಿಲ್ಲ. ಕೂತ್ಕೋ ನಾಯನಾ.”

ತಿಪ್ಪೇಸ್ವಾಮಿ ಗುಂಡಿಯಿಂದ ಮೇಲೆದ್ದು ಬಂದ. ನಾನು ಬಾಗುವ ಮೊದಲೇ ತನ್ನ ಕೈಯಿಂದಲೇ ನನ್ನ ಚಪ್ಪಲಿ ತೆಗೆದು ಹೊರಗಿಟ್ಟು, ಕೈ ತೊಳೆದುಕೊಂಡು ಬಂದು, ನನ್ನ ಎದುರಿಗೆ ಕೂತು ನನ್ನ ಎರಡೂ ಪಾದಗಳನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ನಾನು ಎಳೆದುಕೊಳ್ಳಲು ನೋಡಿದೆ. ಬಿಡಲಿಲ್ಲ. ತಾಯಿಯ ಕಡೆಗೆ ಕೈಚಾಚಿದ. ಅವರು ರಾಟೆಯಿಂದ ಗೇಣುದ್ದ ರೇಷ್ಮೆ ಎಳೆ ಹರಿದು ಕೊಟ್ಟರು. ನನಗೆ ಕಣ್ಣು ಮುಚ್ಚಲು ಹೇಳಿದ. ಬಲ ಅಂಗಾಲಿನ ಮೇಲೆ ಎಲ್ಲೋ ದೂರದಲ್ಲಿ ಇರುವೆ ಹರಿದಂತಾಯಿತು. ಹೇಳಿದೆ. ಆಮೇಲೆ ಎಡಗಾಲಿಗೆ ಎಳೆಯುವುದನ್ನು ಕಾಯುತ್ತಾ ಕೂತೆ. ಕಾದೆ, ಇನ್ನೂ ಕಾದೆ.

“ಎಳಿಯಲೇ, ಯಾಕೆ ಕುಂತೀಯಾ?” ಎಂದೆ.

“ಮೂರು ಸಲ ಎಳದೀನಿ ಬಸವ,” ಎಂದ ತಿಪ್ಪೇಸ್ವಾಮಿ.

ನನಗೆ ಹೆದರಿಕೆಯಾಯಿತು. ಸುತ್ತಿಬಳಸಿ ಹೇಳುವುದೇನು, ಬಹಳ ಹೆದರಿಕೆಯಾಯಿತು. ಬಚ್ಚಲಿನ ಗೋಡೆ ಕಣ್ಣ ಮುಂದೆ ಬಂದು ನಿಂತಿತು. ಎರಡು ವರ್ಷ ಗಿರಿಜೆಗೆ ಹೇಳದೆ ಮುಚ್ಚಿಟ್ಟಿದ್ದನ್ನೆಲ್ಲ ಅಲ್ಲೇ, ಮಗ್ಗದ ಮುಂದೆ, ಕಾಲು ಚಾಚಿಕೊಂಡೇ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ಅದು ಇನ್ನೂ ಹೆದರಿಸಿತು.

ಆಗ ತಿಪ್ಪೇಸ್ವಾಮಿ ತನ್ನ ಕಥೆ ಹೇಳಿದ. ಎರಡು ವರ್ಷದ ಹಿಂದೆ ಅವನು ನೇಯ್ದ ಸೀರೆಯ ಒಡಲಲ್ಲಿ ಅಲ್ಲೊಂದು ಇಲ್ಲೊಂದು ಕಡೆ ನೂಲು ಸಡಿಲ ಬೀಳತೊಡಗಿತ್ತಂತೆ. ಕಣ್ಣಿಗೆ ಕಾಣದಷ್ಟು ಸಣ್ಣ ತಪ್ಪು. ಕೊಂಡವರೂ ದೂರಲಿಲ್ಲ. ಆದರೆ ಲಕ್ಷ್ಮವ್ವನಿಗೆ ಒಂದು ಅಭ್ಯಾಸ. ಮಗ ದಿನದ ಕೆಲಸ ಮುಗಿಸಿ ಎದ್ದ ಮೇಲೆ, ಅಂದು ನೇಯ್ದಷ್ಟು ಬಟ್ಟೆಯ ಮೇಲೆ ಒಮ್ಮೆ ಅಂಗೈ ಆಡಿಸುತ್ತಾರೆ. ಗಂಡ ನೇಯುತ್ತಿದ್ದಾಗಲೂ ಹಾಗೇ ಮಾಡುತ್ತಿದ್ದರಂತೆ. ಒಂದು ಸಂಜೆ ಅಂಗೈ ನಡುವೆ ನಿಂತಿತು. ಮಗ್ಗ ಸರಿಯಿದೆ, ನಿನ್ನ ಎಡಗಾಲು ಪೂರ್ತಿ ತುಳಿಯುತ್ತಿಲ್ಲ ಎಂದರು. ಇವನು ನಂಬಲಿಲ್ಲ. ಹಗ್ಗ ಬದಲಾಯಿಸಿದ, ಹಲಗೆ ಬದಲಾಯಿಸಿದ, ಬಡಗಿಯನ್ನು ಕರೆಸಿದ. ಎಲ್ಲ ಹೊಸದಾದರೂ ತಪ್ಪು ಹಳೆಯದೇ. ಕೊನೆಗೆ ರಾಂಪುರದ ಮೇಲೆ ಬಳ್ಳಾರಿಗೆ ಹೋಗಿ ಡಾಕ್ಟರಿಗೆ ಕಾಲು ತೋರಿಸಿದ. ರಕ್ತ ನೋಡಿದ ಅವರು ಬಿ ಟ್ವೆಲ್ವ್ ತಳ ಕಂಡಿದೆ ಎಂದರು. ಇಂಜೆಕ್ಷನ್ ಕೊಟ್ಟರು. ಕಾಲು ನೋಡಲು ಡಾಕ್ಟರು ಬಳಸಿದ್ದು ಒಂದು ನೈಲಾನ್ ದಾರವನ್ನಂತೆ. ಅದನ್ನು ನೋಡಿ ಇವನಿಗೆ, ಇದಕ್ಕಿಂತ ನಯವಾದದ್ದು ನಮ್ಮ ಮನೆಯಲ್ಲೇ ಇದೆಯಲ್ಲ ಎನ್ನಿಸಿತಂತೆ.

ವಾಸಿಯಾಗಿದ್ದು ಹೇಗೆ ಗೊತ್ತಾಯಿತು ಎಂದು ಕೇಳಿದೆ.

“ನಾಕು ತಿಂಗಳಾದ ಮ್ಯಾಲೆ ಒಂದಿನ ಅವ್ವ ಬಟ್ಟಿ ಮ್ಯಾಲೆ ಕೈಯಾಡಿಸಿದ್ಳು. ಏನೂ ಅನ್ಲಿಲ್ಲ. ಎದ್ದು ಉಣ್ಣಾಕೆ ಹೋದ್ಳು. ಅಷ್ಟೇ ಕಣಲೇ.”

ನಾನು ಲಕ್ಷ್ಮವ್ವನ ಕಡೆ ನೋಡಿದೆ. ಅವರು ಮತ್ತೆ ರಾಟೆ ತಿರುಗಿಸುತ್ತಿದ್ದರು. ಔಷಧಿಯ ಡಿಪ್ಲೊಮಾ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿಕೊಂಡಿರುವ ನಾನು ನನ್ನ ಕಾಲ ಮೇಲೆ ನಿಂತುಕೊಂಡೇ ಅದರ ರೋಗ ಕಾಣಲಿಲ್ಲ. ಕಣ್ಣು ಕಾಣದ ಈಕೆ ಗುಂಡಿಯೊಳಗಿನ ಮಗನ ಕಾಲ ರೋಗವನ್ನು ಸೀರೆಯ ಮೇಲಿನಿಂದ ಕಂಡುಹಿಡಿದರು. ಎದ್ದು ಕಾಲಿಗೆ ನಮಸ್ಕಾರ ಮಾಡಿದೆ. ಇದೆಲ್ಲ ಯಾಕೆ, ಮೊದಲು ಡಾಕ್ಟರ ಹತ್ರ ಹೋಗು ಎಂದರು.

ಮರುದಿನವೇ ಗಿರಿಜೆ ನನ್ನನ್ನು ಎಳೆದುಕೊಂಡು ಹೋದಳು. ನಮ್ಮ ಊರಿನ ಡಾಕ್ಟರ ಕೋಳಿಕಾಲಿನ ಅಕ್ಷರವನ್ನು ಹದಿನೈದು ವರ್ಷದಿಂದ ಓದುತ್ತಿರುವ ಜಗತ್ತಿನ ಏಕೈಕ ಮನುಷ್ಯ ನಾನು, ಹಾಗಾಗಿ ಅವರಿಗೆ ನನ್ನ ಮೇಲೆ ಪ್ರೀತಿ. ಸಕ್ಕರೆ ಕಾಯಿಲೆ ಇಲ್ಲವೆಂದು ಮೊದಲು ಖಾತ್ರಿ ಮಾಡಿಕೊಂಡರು. ರಕ್ತದ ವರದಿ ಬಂದಾಗ ನನ್ನದೂ ತಿಪ್ಪೇಸ್ವಾಮಿಯ ಕಥೆಯೇ. ಏನೇನು ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು. ಹದಿನಾಲ್ಕನ್ನೂ ಅಷ್ಟೋತ್ತರದ ಹಾಗೆ ಒಪ್ಪಿಸಿದೆ.

“ಇದ್ರಾಗೆ ಬಿ ಟ್ವೆಲ್ವೇ ಇಲ್ವಲ್ರೀ?” ಎಂದರು.

“ಅದು ಉಳಿಯಲ್ಲ ಸಾರ್. ಬಂದಂಗೇ ಖರ್ಚಾಗ್ತೈತೆ.”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಕ್ಕರು. ನಿಜ ತಾನೇ? ಚೆನ್ನಾಗಿ ಓಡುವ ಮಾತ್ರೆ ಅವಧಿ ಮುಗಿಯುವವರೆಗೆ ಕಪಾಟಿನಲ್ಲಿ ಕೂರುವುದಿಲ್ಲ. ಊರಿಗೆಲ್ಲ ಬೇಕಾದದ್ದು ಊರಿಗೇ ಹೋಯಿತು, ಯಾರಿಗೂ ಬೇಡವಾದದ್ದೆಲ್ಲ ನನ್ನ ಹೊಟ್ಟೆಗೆ ಬಂತು. ಆದರೆ ಪಟ್ಟಿಯ ಹದಿನಾಲ್ಕನೆಯದು ಗ್ಯಾಸಿನ ಮಾತ್ರೆ, ಏಳು ವರ್ಷದಿಂದ ದಿನಾ ಬೆಳಿಗ್ಗೆ ಒಂದು, ಯಾರನ್ನೂ ಕೇಳಿ ಅಲ್ಲ, ಕೈಗೆ ಸಿಗುವ ಅರೆಯಲ್ಲಿತ್ತು ಎಂದು ಹೇಳಿದಾಗ ಅವರು ನಗುವುದನ್ನು ನಿಲ್ಲಿಸಿದರು. ಊಟದಲ್ಲಿರುವ ಬಿ ಟ್ವೆಲ್ವನ್ನು ಬಿಡಿಸಿಕೊಡುವುದು ಹೊಟ್ಟೆಯ ಹುಳಿಯಂತೆ. ಆ ಹುಳಿಯನ್ನೇ ನಾನು ಏಳು ವರ್ಷ ಅಡಗಿಸಿ ಕೂರಿಸಿದ್ದೆ. ಮೊದಲೇ ಸಸ್ಯಾಹಾರಿ, ಮೇಲೆ ವಯಸ್ಸು, ಅದರ ಮೇಲೆ ಈ ಜಾಣತನ. ಇಂಥ ತಪ್ಪನ್ನು ಮೆಡಿಕಲ್ ಶಾಪಿನ ಮಾಲೀಕನೊಬ್ಬನೇ ಇಷ್ಟು ಸಲೀಸಾಗಿ ಮಾಡಬಲ್ಲ.

ನನ್ನ ಊಟದ ಬಗ್ಗೆಯೂ ಕೇಳಿದರು. ರಾಗಿಮುದ್ದೆ, ಹುರುಳಿ ಸಾರು, ನವಣೆ ಅನ್ನ, ನುಗ್ಗೆಸೊಪ್ಪಿನ ಪಲ್ಯ, ಶೇಂಗಾ ಚಟ್ನಿ ಎಂದೆ. ಡಾಕ್ಟರಿಗೇ ಬಾಯಲ್ಲಿ ನೀರು ಬಂತು. ಸುಣ್ಣ, ಕಬ್ಬಿಣ, ನಾರು ಎಲ್ಲ ಇದರಲ್ಲೇ ಇದೆ, ಪ್ಯಾಟೆಯ ದೊಡ್ಡ ಆಸ್ಪತ್ರೆಯಲ್ಲಿ ಬರೆದುಕೊಡುವ ಪಥ್ಯವೇ ಇದು ಎಂದು ಹೊಗಳಿದರು. ಈ ಬಯಲುಸೀಮೆಯ ಅಡಿಗೆಮನೆಯ ಬಗ್ಗೆ ನನಗೆ ಹೆಮ್ಮೆ ಉಕ್ಕಿತು. ಮಳೆ ಕಡಿಮೆ, ಮಣ್ಣು ಕೆಂಪು, ಆದರೂ ನಮ್ಮ ಅಜ್ಜಿಯರು ಯಾವ ಪಟ್ಟಿಯನ್ನೂ ನೋಡದೆ ತಟ್ಟೆಯಲ್ಲಿ ಎಲ್ಲವನ್ನೂ ಜೋಡಿಸಿಟ್ಟಿದ್ದಾರೆ. ಅಷ್ಟರಲ್ಲಿ ಡಾಕ್ಟರು, ಮೊಸರು ಎಂದು ಕೇಳಿದರು. ನಾನು ಕೆಮ್ಮಿದೆ. ಗಿರಿಜೆ ನೇರವಾಗಿ ಕೂತಳು.

ಮೂರು ವರ್ಷದ ಹಿಂದೆ ಫೋನಿನಲ್ಲಿ ಯಾರೋ ಗಡ್ಡದವರು, ನಲವತ್ತೈದು ದಾಟಿದ ಗಂಡಸರಿಗೆ ಹಾಲು ಮೊಸರು ಸಲ್ಲದು ಎಂದು ಹೇಳಿದ್ದನ್ನು ನೋಡಿ ಎರಡನ್ನೂ ಬಿಟ್ಟಿದ್ದೆ. ಗಿರಿಜೆ ಎಮ್ಮೆಹಾಲಿಗೆ ಹೆಪ್ಪು ಹಾಕಿದ ಮೊಸರು ಚಾಕುವಿನಿಂದ ಕೊಯ್ಯುವಂತಿರುತ್ತದೆ. ಅದನ್ನು ದಿನಾ ನನ್ನ ತಟ್ಟೆಯ ಪಕ್ಕ ಇಡುತ್ತಿದ್ದಳು, ನಾನು ದಿನಾ ದೂರ ಸರಿಸುತ್ತಿದ್ದೆ. ಅವಳು ಅಂದು ಡಾಕ್ಟರ ಮಾತನ್ನೆಲ್ಲ ಕೇಳಿಸಿಕೊಂಡಳು. ಮನೆಗೆ ಬಂದು ದೊಡ್ಡ ಬಟ್ಟಲು ತೊಳೆದಳು.

ಬಿ ಟ್ವೆಲ್ವ್ ಬಗ್ಗೆ ಓದಿದಷ್ಟೂ ನನಗೆ ಉಳ್ಳಾರ್ತಿಯ ಹುಲ್ಲುಗಾವಲಿನಲ್ಲಿ ಮೇಯುವ ದನಗಳ ಮೇಲೆ ಗೌರವ ಹೆಚ್ಚುತ್ತದೆ. ಈ ಜೀವಸತ್ವವನ್ನು ಗಿಡವೂ ಮಾಡುವುದಿಲ್ಲ, ಪ್ರಾಣಿಯೂ ಮಾಡುವುದಿಲ್ಲ. ಮಾಡುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವು ಹಸುವಿನ ಹೊಟ್ಟೆಯಲ್ಲಿ ಬಾಡಿಗೆಗೆ ಇದ್ದು, ಅದು ಮೇಯ್ದ ಹುಲ್ಲಿನಲ್ಲಿ ಪಾಲು ಪಡೆದು, ಬಾಡಿಗೆಯ ಬದಲು ಬಿ ಟ್ವೆಲ್ವ್ ಕೊಡುತ್ತವೆ. ಒಣಹುಲ್ಲು ತಿಂದು, ಬಿಸಿಲು ಕುಡಿದು, ಕೊಂಬು ನೆಟ್ಟಗೆ ಮಾಡಿಕೊಂಡು ನಿಂತಿರುವ ಅಮೃತಮಹಲ್ ಹೋರಿಯನ್ನು ಬಸ್ಸಿನ ಕಿಟಕಿಯಿಂದ ಕಂಡಾಗಲೆಲ್ಲ, ಡಬ್ಬಿಯ ಮೇಲೆ ಕುದುರೆ ಹಾಕಿದವರು ಈ ಕಡೆ ಬಂದೇ ಇಲ್ಲವಲ್ಲ ಎನ್ನಿಸುತ್ತದೆ.

ಇಂಜೆಕ್ಷನ್ನುಗಳಾದವು. ಗ್ಯಾಸಿನ ಮಾತ್ರೆಯನ್ನು ಡಾಕ್ಟರೇ ಮೆಲ್ಲಗೆ ಬಿಡಿಸಿದರು. ಮೊದಲು ಮರೆವು ಹೋಯಿತು, ಸ್ಟೂಲು ಹತ್ತಿದ್ದು ಯಾಕೆಂದು ಹತ್ತಿದ ಮೇಲೂ ನೆನಪಿರತೊಡಗಿತು. ಕಾಲು ನಿಧಾನ. ಐದಾರು ತಿಂಗಳಾದ ಮೇಲೆ ಗಿರಿಜೆಯ ಸೀರೆ ಸಿದ್ಧವಾಗಿದೆ ಎಂದು ತಿಪ್ಪೇಸ್ವಾಮಿ ಹೇಳಿಕಳಿಸಿದ. ಹೊಸ್ತಿಲಲ್ಲಿ ಎರಡೂ ಚಪ್ಪಲಿ ಬಿಟ್ಟು, ಬಗ್ಗಿ ನೋಡಿ ಎಣಿಸಿ, ಒಳಗೆ ಕಾಲಿಟ್ಟೆ. ಎಡಗಾಲಿಗೆ ಕಲ್ಲು ತಣ್ಣಗಿತ್ತು. ಅಲ್ಲೇ ಒಂದು ಗಳಿಗೆ ನಿಂತುಬಿಟ್ಟೆ. ತಿಪ್ಪೇಸ್ವಾಮಿ ಬಿಡುವನೇ? ಮತ್ತೆ ಪಾದ ತೊಡೆಯ ಮೇಲೆ, ಮತ್ತೆ ರೇಷ್ಮೆ ಎಳೆ. ಅವನು ಎಳೆದ ಕೂಡಲೇ ನನಗೆ ಕಚಗುಳಿಯಾಗಿ, ಐವತ್ತೆರಡು ವರ್ಷದ ಗಂಡಸು ಮಗ್ಗದ ಕೋಣೆಯಲ್ಲಿ ಕಿಲಕಿಲ ನಕ್ಕುಬಿಟ್ಟೆ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಲಕ್ಷ್ಮವ್ವ ಏನೂ ಅನ್ನಲಿಲ್ಲ. ಎದ್ದು ಗಿರಿಜೆಯನ್ನು ಉಣ್ಣಲು ಕರೆದುಕೊಂಡು ಹೋದರು.

ಆ ಎಳೆಯನ್ನು ಕೇಳಿ ತಂದಿದ್ದೇನೆ. ಅಂಗಡಿಯ ಮೇಜಿನ ಖಾನೆಯಲ್ಲಿ ಕಾಗದದೊಳಗೆ ಮಡಿಸಿಟ್ಟಿದೆ. ಈಗ ಯಾರಾದರೂ ಸೋಪಿನ ಬೆಲೆ ಕೇಳುತ್ತಾ ನಿಂತು, ಶಕ್ತಿಗೆ ಏನಾದರೂ ಎಂದು ಬಾಗಿದರೆ, ಒಳಗೆ ಕರೆದು ಕೂರಿಸಿ ಚಪ್ಪಲಿ ಬಿಚ್ಚಿಸುತ್ತೇನೆ. ನಕ್ಕು ಕಾಲು ಎಳೆದುಕೊಂಡವರಿಗೆ, ಮನೆಗೆ ಹೋಗಿ ಮುದ್ದೆ ಉಣ್ಣಿ, ಮೊಸರು ಬಿಡಬೇಡಿ ಎಂದು ಹೇಳುತ್ತೇನೆ. ಸುಮ್ಮನೆ ಕೂತವರನ್ನು ಡಾಕ್ಟರ ಹತ್ತಿರ ಕಳಿಸುತ್ತೇನೆ. ಕುದುರೆಯ ಡಬ್ಬಿಗಳು ಹಾಗೇ ಉಳಿಯುತ್ತವೆ, ಉಳಿದದ್ದನ್ನು ನಾನು ನುಂಗುವುದನ್ನು ಬಿಟ್ಟಿದ್ದೇನೆ.

ಈ ದೀಪಾವಳಿಗೆ ಮನೆಗೆ ಸುಣ್ಣ ಬಳಿಯಲು ಬಂದವನು ಬಚ್ಚಲಿನ ಗೋಡೆಯ ಆ ನುಣುಪನ್ನು ಉಜ್ಜಿ ತೆಗೆಯಲೇ ಎಂದು ಕೇಳಿದ. ಬೇಡವೆಂದೆ. ಅಪ್ಪನದೂ ಇದೇ ಕೊರತೆಯಾಗಿತ್ತೋ ಬೇರೆಯೋ, ಇನ್ನು ಯಾರೂ ಹೇಳಲಾರರು. ನಾವು ಯಾರೂ ಅವರ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಲಿಲ್ಲ, ಅಷ್ಟು ಮಾತ್ರ ಗೊತ್ತು. ನನಗೀಗ ಗೋಡೆಯ ಆಸರೆ ಬೇಡ. ಆದರೂ ಬೆಳಿಗ್ಗೆ ಸ್ನಾನ ಮುಗಿಸಿ, ಎರಡೂ ಕಾಲ ಮೇಲೆ ನೆಟ್ಟಗೆ ನಿಂತುಕೊಂಡು, ಒಮ್ಮೆ ಅಲ್ಲಿ ಕೈಯಿಟ್ಟು ಬರುತ್ತೇನೆ.